ಊರುವ ಕೋಲು, ಅರಿಯುವ ಕೋಲು: ನಿತ್ಯೋಪಕರಣಗಳನ್ನು ಕುರಿತೊಂದು ವಿಮರ್ಶೆ

೧

ಕಾವ್ಯಗಳಲ್ಲಿ ಬರುವ ವಸ್ತುಗಳನ್ನು ಕುರಿತು ನಮ್ಮ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಆಯುಧ, ಆಭರಣ, ವಾದ್ಯ, ರಥ, ಉಡುಗೆ-ತೊಡುಗೆ ಇವುಗಳ ಹೆಸರುಗಳನ್ನು ಸಂಗ್ರಹಿಸಿ, ಆಕಾರವೇನು, ಉಪಯೋಗವೇನು ಎಂಬುದನ್ನು ನಿರ್ಣಯಿಸುವ ಕಾರ್ಯ ಹಲವು ದಶಕಗಳಿಂದ ನಡೆದುಬಂದಿದೆ. ಆದರೆ ಕಣ್ಣು ಕಾಣದವನ ಕೈಯ ಕೋಲು, ನಡೆಯಲಾರದವನ ಊರುಗೋಲು, ಕಾಲು ಕಳೆದುಕೊಂಡವನ ಕೃತಕ ಕಾಲು ಮೊದಲಾದ ನಿತ್ಯೋಪಕರಣಗಳಿಗೆ ಈ ಭಾಗ್ಯ ಅಷ್ಟಾಗಿ ಒದಗಲಿಲ್ಲ. ಅವು ಸಾಹಿತ್ಯದಲ್ಲಿ ಬಂದರೂ ಹೋಲಿಕೆಯಾಗಿ ಬಂದು ಹೋಗುತ್ತವೆ. ವಸ್ತುವಾಗಿ ನಿಲ್ಲುವುದು ವಿರಳ.

ಈ ವಿಚಾರವನ್ನು ಯಾದಗಿರಿ, ಶಹಾಪುರ, ಸುರಪುರ ಸೀಮೆಯನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದಕ್ಕೆ ಕಾರಣವಿದೆ. ಉಪಕರಣವನ್ನು ಗೌರವದಿಂದ ಕಂಡ ವಚನ ಪರಂಪರೆಯ ಒಂದು ಮೂಲನೆಲೆ ಇಲ್ಲಿಯೇ ಉಂಟು. ದೇವರ ದಾಸಿಮಯ್ಯನ ಊರೆಂದು ಪ್ರಸಿದ್ಧವಾದ ಮುದನೂರು ಸುರಪುರ ಸೀಮೆಯದು. ಅಲ್ಲಿಯ ರಾಮನಾಥನೇ ಅವನ ವಚನಗಳ ಅಂಕಿತ. ನೇಯ್ಗೆ ಅವನ ವೃತ್ತಿ. ಮಗ್ಗದ ಮುಂದೆ ಕುಳಿತವನು ವಚನಕಾರನಾದನೆಂಬ ಸಂಗತಿ ಕನ್ನಡದಲ್ಲಿ ದೊಡ್ಡದೊಂದು ಬಾಗಿಲನ್ನು ತೆರೆಯಿತು. ಮುಂದೆ ಹುಟ್ಟು ಹಾಕುವ ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬಿದಿರು ಸೀಳುವ ಮೇದಾರ ಕೇತಯ್ಯ ಇವರೆಲ್ಲ ತಮ್ಮ ತಮ್ಮ ಕೆಲಸದ ಹೆಸರಿನಿಂದಲೇ ಖ್ಯಾತರಾದರು. ಉಪಕರಣವು ಇಲ್ಲಿ ಮನುಷ್ಯನ ಕೊರತೆಯನ್ನು ಸಾರುವ ಗುರುತಾಗಿರದೆ ಅವನ ಕಾಯಕದ ಅಂಗವಾಗಿದೆ. ಹೀಗಿರುವಲ್ಲಿ ಕುಂಟನ ಕೋಲಿಗೆ ಮಾತ್ರ ಈ ಗೌರವ ಏಕೆ ಸಲ್ಲಲಿಲ್ಲ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ.

ಪ್ರಕೃತ ಲೇಖನದ ಪ್ರತಿಪಾದನೆ ಇಷ್ಟು: ನಮ್ಮ ಸಾಹಿತ್ಯ ಪರಂಪರೆಯು ದೇಹದ ಕೊರತೆಗೆ ಪರಿಹಾರವನ್ನು ಬಹುಮಟ್ಟಿಗೆ ಮತ್ತೊಬ್ಬ ಮನುಷ್ಯನಲ್ಲಿ, ಇಲ್ಲವೆ ಪವಾಡದಲ್ಲಿ ಕಂಡಿತು, ಆದಕಾರಣ ಉಪಕರಣವನ್ನು ತೂಗಿನೋಡುವ ಭಾಷೆ ನಮ್ಮಲ್ಲಿ ಬೆಳೆಯಲಿಲ್ಲ, ಆ ಭಾಷೆಯ ಅಭಾವದಿಂದ ಇಂದು ತೊಂದರೆಗೊಳಗಾಗುವವರು ಆ ಉಪಕರಣಗಳನ್ನು ದಿನವೂ ಬಳಸುವ ಜನ.

೨

ಮೊದಲು ಸಾಹಿತ್ಯದ ಸಾಕ್ಷ್ಯವನ್ನು ನೋಡೋಣ. ವ್ಯಾಸಭಾರತದಲ್ಲಿ ಧೃತರಾಷ್ಟ್ರನ ಕಣ್ಣು ಸಂಜಯ. ಯುದ್ಧವನ್ನು ಕಾಣುವ ದೃಷ್ಟಿಯನ್ನು ಕೊಡುವೆನೆಂದು ವ್ಯಾಸರು ಮುಂದೆ ಬಂದಾಗ, ಜ್ಞಾತಿಗಳ ವಧೆಯನ್ನು ಕಾಣಲಾರೆನೆಂದು ರಾಜನು ಅದನ್ನು ಒಲ್ಲೆನೆನ್ನುತ್ತಾನೆ. ದಿವ್ಯದೃಷ್ಟಿ ಸಂಜಯನ ಪಾಲಾಗುತ್ತದೆ. ಇಲ್ಲಿ ಎರಡು ವಿಷಯಗಳನ್ನು ಗಮನಿಸತಕ್ಕದ್ದು. ಸಹಾಯವನ್ನು ಬೇಡವೆನ್ನುವ ಅಧಿಕಾರವನ್ನು ಕವಿಯು ಕಣ್ಣಿಲ್ಲದವನಿಗೆ ಕೊಟ್ಟಿದ್ದಾನೆ. ಇದು ಹಿರಿಯ ಮಾತು. ಆದರೆ ಬೇಡವೆಂದ ಮೇಲೆ ಅವನು ಅರಿಯುವುದೆಲ್ಲವೂ ಸಂಜಯನು ಹೇಳಿದಷ್ಟು, ಹೇಳಿದಾಗ. ಮನುಷ್ಯನನ್ನೇ ಸಾಧನವಾಗಿ ಪಡೆದವನ ಮಿತಿಯೂ ಇದರಲ್ಲಿ ವ್ಯಕ್ತವಾಗಿದೆ.

ಶ್ರವಣಕುಮಾರನ ಕಥೆಯೂ ಇಂತಹುದೇ. ವಾಲ್ಮೀಕಿಯ ಅಯೋಧ್ಯಾಕಾಂಡದಲ್ಲಿ ಅಂಧ ತಂದೆತಾಯಿಗಳಿಗೆ ನೀರು ತರಲು ಹೋದ ತಾಪಸಪುತ್ರನು ದಶರಥನ ಬಾಣಕ್ಕೆ ಗುರಿಯಾಗುತ್ತಾನೆ. ಅವರನ್ನು ಹೆಗಲ ಮೇಲೆ ಹೊತ್ತು ತಿರುಗಿದ ಕಾವಡಿ ಅನಂತರದ ಕಥನಗಳಲ್ಲಿ ಸೇರಿ, ಜನಮನದಲ್ಲಿ ನೆಲೆಗೊಂಡಿತು. ಕಾವಡಿ ಒಂದು ವಾಹನವೇ ಸರಿ. ಆದರೆ ಅದನ್ನು ಹೊರುವ ಮಗನ ಪಿತೃಭಕ್ತಿಯನ್ನು ಹೊಗಳುವ ಭರದಲ್ಲಿ, ಅದರೊಳಗೆ ಕುಳಿತವರಿಗೆ ಎಲ್ಲಿ ಇಳಿಯಬೇಕೆನಿಸಿತ್ತು ಎಂಬುದನ್ನು ಕಥೆ ಕೇಳುವುದಿಲ್ಲ. ಈಶ್ವರಕೃಷ್ಣನ ಸಾಂಖ್ಯಕಾರಿಕೆಯಲ್ಲಿ ಬರುವ ಅಂಧ-ಪಂಗು ನ್ಯಾಯವು ಇದಕ್ಕಿಂತ ಸಮವಾದ ಸಂಬಂಧವನ್ನು ಕಲ್ಪಿಸುತ್ತದೆ: ಪ್ರಕೃತಿ-ಪುರುಷರ ಕೂಟವು ಕುರುಡ-ಕುಂಟರ ಕೂಟದಂತೆ ಎಂಬ ಈ ಮಾತನ್ನು ವಿವರಿಸುವಾಗ, ಕುರುಡನ ಹೆಗಲ ಮೇಲೆ ಕುಂಟ ಕುಳಿತು ದಾರಿ ತೋರಿಸುತ್ತಾನೆ, ಕುರುಡ ನಡೆಯುತ್ತಾನೆ ಎನ್ನುವುದುಂಟು. ಇಬ್ಬರೂ ಕೊಡುವವರು, ಇಬ್ಬರೂ ಪಡೆಯುವವರು. ಆದರೂ ಇದು ತತ್ತ್ವವನ್ನು ತಿಳಿಯಪಡಿಸಲು ತಂದ ದೃಷ್ಟಾಂತ. ತತ್ತ್ವ ತಿಳಿದೊಡನೆ ಇಬ್ಬರೂ ಮರೆಯಾಗುತ್ತಾರೆ.

ಇನ್ನೊಂದು ಮಾರ್ಗ ಪವಾಡದ್ದು. ಕೃಷ್ಣಕಥೆಯ ಕುಬ್ಜೆ ದೇವರ ಸ್ಪರ್ಶದಿಂದ ನೆಟ್ಟಗಾಗುತ್ತಾಳೆ. ಪವಾಡ ನಡೆಯುವಲ್ಲಿ ಉಪಕರಣಕ್ಕೆ ಎಡೆಯಿಲ್ಲ.

ಈ ಎರಡು ಮಾರ್ಗಗಳ ನಡುವೆ ಅಪೂರ್ವವಾದ ಒಂದು ಉದಾಹರಣೆ ಶೈವಪುರಾತನರ ಕಥೆಗಳಲ್ಲಿ ದೊರೆಯುತ್ತದೆ. ಅರವತ್ತುಮೂವರು ಪುರಾತನರಲ್ಲಿ ಒಬ್ಬನಾದ ದಂಡಿ ಹುಟ್ಟುಕುರುಡ. ಹನ್ನೆರಡನೆಯ ಶತಮಾನದ ಸೇಕ್ಕಿಳಾರನ ಪೆರಿಯಪುರಾಣವು ಹೇಳುವಂತೆ, ತಿರುವಾರೂರಿನ ದೇವಾಲಯದ ಕೆರೆ ಹೂಳಿನಿಂದ ಕಿರಿದಾದುದನ್ನು ಅರಿತು ಅದನ್ನು ತಾನೇ ಅಗೆಯಲು ಅವನು ನಿಶ್ಚಯಿಸಿದ. ಕೆರೆಯೊಳಗೊಂದು, ದಡದ ಮೇಲೊಂದು ಗೂಟವನ್ನು ನೆಟ್ಟು, ನಡುವೆ ಹಗ್ಗವನ್ನು ಬಿಗಿದ. ಹಗ್ಗವನ್ನು ತಡವಿಕೊಂಡು ಇಳಿಯುವುದು, ಮಣ್ಣನ್ನು ಬುಟ್ಟಿಗೆ ತುಂಬುವುದು, ಹಗ್ಗವನ್ನು ಹಿಡಿದೇ ಮೇಲೇರಿ ಸುರಿಯುವುದು; ಇದು ಅವನ ದಿನಚರಿ. ಅವನನ್ನು ಹಂಗಿಸಿದವರು ಕೊನೆಗೆ ಅವನ ಸಲಕರಣೆಗಳನ್ನೇ ಕಿತ್ತುಕೊಂಡರು. ಕಥೆ ಮುಗಿಯುವುದು ಪವಾಡದಿಂದಲೇ: ದಂಡಿಗೆ ಕಣ್ಣು ಬರುತ್ತದೆ, ವಿರೋಧಿಗಳು ಕುರುಡರಾಗುತ್ತಾರೆ. ಭಕ್ತಿಯ ದೃಷ್ಟಿಯಿಂದ ಇದೇ ಫಲಶ್ರುತಿ. ಆದರೆ ವಿಮರ್ಶೆಯ ದೃಷ್ಟಿಯಿಂದ ಕಥೆಯ ಸತ್ತ್ವವಿರುವುದು ಎರಡು ಗೂಟ, ಒಂದು ಹಗ್ಗದಲ್ಲಿ. ಕಣ್ಣಿಲ್ಲದ ಕೆಲಸಗಾರನು ತನ್ನ ನೆಲವನ್ನು ತಾನೇ ಅಳೆದು, ತನ್ನ ಕೆಲಸಕ್ಕೆ ಬೇಕಾದುದನ್ನು ತಾನೇ ಕಲ್ಪಿಸಿಕೊಂಡ. ಪವಾಡಕ್ಕೆ ಮುನ್ನವೇ ಕೆರೆ ಆಳವಾಗುತ್ತಿತ್ತು. ಸಲಕರಣೆಯನ್ನು ಕಸಿಯುವುದೆಂದರೆ ಕೆಲಸವನ್ನೇ ಕಸಿಯುವುದು ಎಂಬುದನ್ನು ವಿರೋಧಿಗಳೂ ಬಲ್ಲವರಾಗಿದ್ದರು.

೩

ಇನ್ನು ಕೋಲಿನ ವಿಚಾರ. ‘ಕುರುಡನ ಕೈಯ ಕೋಲು’ ಎಂಬುದು ನಮ್ಮ ಆಡುಮಾತಿನಲ್ಲಿ ಏಕಮಾತ್ರ ಆಸರೆ ಎಂಬ ಅರ್ಥವನ್ನು ಕೊಡುತ್ತದೆ. ಮುದಿತನದ ಮಗನನ್ನೂ ಊರುಗೋಲೆನ್ನುತ್ತೇವೆ. ಈ ಎರಡು ಪ್ರಯೋಗಗಳಲ್ಲಿ ಭಿನ್ನವಾದ ಎರಡು ಉಪಕರಣಗಳು ಒಂದಾಗಿ ಬೆರೆತುಹೋಗಿವೆ. ಊರುಗೋಲಿನ ಮೇಲೆ ದೇಹದ ಭಾರ ಬೀಳುತ್ತದೆ. ಕಣ್ಣಿಲ್ಲದವನ ಕೋಲಿನ ಮೇಲೆ ಭಾರ ಬೀಳುವುದಿಲ್ಲ. ಅದು ಮುಂದಿನ ಹೆಜ್ಜೆಯ ನೆಲವನ್ನು ಕೈಗೆ ತಿಳಿಸುತ್ತದೆ. ಒಂದು ಊರುವ ಕೋಲು, ಮತ್ತೊಂದು ಅರಿಯುವ ಕೋಲು.

ಪಾಶ್ಚಾತ್ಯ ತತ್ತ್ವಶಾಸ್ತ್ರದಲ್ಲಿ ಈ ಭೇದ ಸ್ಪಷ್ಟವಾಗಿದೆ. ೧೬೩೭ರಲ್ಲಿ ಪ್ರಕಟವಾದ ತನ್ನ ದೃಷ್ಟಿಶಾಸ್ತ್ರ ಗ್ರಂಥದಲ್ಲಿ ರೆನೆ ದೆಕಾರ್ತ್‌ನು ಬೆಳಕು ಕಣ್ಣನ್ನು ಮುಟ್ಟುವ ರೀತಿಯನ್ನು ವಿವರಿಸಲು ಕುರುಡನ ಕೋಲನ್ನೇ ದೃಷ್ಟಾಂತವಾಗಿ ತಂದನು. ೧೯೪೫ರಲ್ಲಿ ಮೆರ್ಲೋ-ಪೋಂತಿ ಇನ್ನೂ ಮುಂದೆ ಹೋಗಿ, ಅಭ್ಯಾಸವಾದ ಕೋಲು ಕೈಯಲ್ಲಿನ ಹೊರವಸ್ತುವಾಗಿ ಉಳಿಯುವುದಿಲ್ಲವೆಂದೂ, ಅದರ ತುದಿಯೇ ಸ್ಪರ್ಶದ ತಾಣವಾಗುತ್ತದೆಂದೂ ಪ್ರತಿಪಾದಿಸಿದನು. ಅದೇ ದಶಕದಲ್ಲಿ ಅಮೆರಿಕದ ಸೈನಿಕ ಆಸ್ಪತ್ರೆಯೊಂದರಲ್ಲಿ, ಯುದ್ಧದಲ್ಲಿ ದೃಷ್ಟಿ ಕಳೆದುಕೊಂಡವರಿಗಾಗಿ ರಿಚರ್ಡ್ ಹೂವರ್ ಎಂಬಾತನು ಉದ್ದವಾದ ಹಗುರ ಬಿಳಿಗೋಲಿನ ಬಳಕೆಯನ್ನು ಕ್ರಮಬದ್ಧಗೊಳಿಸಿದನು. ಬಲಹೆಜ್ಜೆ ಮುಂದಾಗುವಾಗ ಕೋಲಿನ ತುದಿ ಎಡಕ್ಕೆ, ಎಡಹೆಜ್ಜೆ ಮುಂದಾಗುವಾಗ ಬಲಕ್ಕೆ. ಹೀಗೆ ಮುಂದಿಡುವ ಹೆಜ್ಜೆಯ ತಾಣವನ್ನು ಕೋಲು ಮೊದಲೇ ಮುಟ್ಟಿ ತಿಳಿಯುತ್ತದೆ. ಇದು ಕಲಿಯಬೇಕಾದ ವಿದ್ಯೆ. ಕೋಲನ್ನು ಕೊಟ್ಟು ವಿದ್ಯೆಯನ್ನು ಕೊಡದಿದ್ದರೆ ಪುಸ್ತಕವನ್ನು ಕೊಟ್ಟು ಅಕ್ಷರವನ್ನು ಕಲಿಸದಂತಾಗುತ್ತದೆ.

ಮಾತಿನಲ್ಲಿ ಈ ಭೇದವಿಲ್ಲದಿರುವುದರಿಂದ ವ್ಯವಹಾರದಲ್ಲಿ ಹಾನಿಯಿದೆ. ಕಣ್ಣಿಲ್ಲದವನಿಗೆ ಗಿಡ್ಡದಾದ ಊರುಗೋಲನ್ನು ಕೊಟ್ಟರೆ ಅದು ಹೆಜ್ಜೆಗಿಂತ ಮುಂದಿನ ನೆಲವನ್ನು ಮುಟ್ಟುವುದಿಲ್ಲ. ಬಾವಿಯ ಅಂಚು ಕಾಲಿಗೇ ತಿಳಿಯಬೇಕು. ನಡೆಯಲಾರದವನ ಊರುಗೋಲಿನ ವಿಷಯದಲ್ಲಿಯೂ ಹೀಗೆಯೇ. ಕಂಕುಳಿನ ಕೆಳಗೆ ನಿಲ್ಲುವ ಜೋಡಿ ಊರುಗೋಲಿಗೆ ಕಂಕುಳನ್ನೇ ಆನಿಸಬೇಕೆಂಬ ಭಾವನೆ ಬಹುಜನರಲ್ಲಿದೆ. ವಸ್ತುತಃ ಅದರ ತುದಿ ಕಂಕುಳಿಗಿಂತ ಎರಡು ಮೂರು ಬೆರಳು ಕೆಳಗಿರಬೇಕು. ಭಾರವನ್ನು ಅಂಗೈ ಹೊರಬೇಕು. ಕಂಕುಳಿಗೆ ಸದಾ ಒತ್ತಿದರೆ ಅಲ್ಲಿಯ ನರಗಳು ನಲುಗಿ ಕೈ ಶಕ್ತಿಗುಂದುವುದುಂಟು. ಕಾಲಿಗೆ ನೆರವಾಗಲು ತಂದ ಸಾಧನ ಕೈಯನ್ನು ಕೆಡಿಸುವ ಈ ಅನರ್ಥಕ್ಕೆ ಕಾರಣ ಮರದಲ್ಲಿರದೆ ಅಳತೆಯಲ್ಲಿದೆ, ತಿಳಿವಳಿಕೆಯಲ್ಲಿದೆ.

೪

ಉಪಕರಣದ ಗುಣವನ್ನು ನಿರ್ಣಯಿಸುವ ಮೊದಲ ಒರೆಗಲ್ಲು ನೆಲ. ಸುರಪುರವು ಗುಡ್ಡಗಳ ನಡುವಿನ ಊರು; ಶಹಾಪುರಕ್ಕೆ ಬೆಟ್ಟವೇ ಬೆನ್ನು; ಯಾದಗಿರಿಯ ಕೋಟೆಯೂ ಗುಡ್ಡದ ಮೇಲಿನದು. ಊರ ಹೊರಗೆ ಎರೆಹೊಲ. ಮಳೆಗಾಲದಲ್ಲಿ ಈ ಕರಿಮಣ್ಣು ಕಾಲಿಗೆ, ಗಾಲಿಗೆ ಅಂಟಿ ಬಿಡದು. ಬೇಸಗೆಯಲ್ಲಿ ಬಾಯ್ಬಿಟ್ಟು ಸೀಳುಗಳಾಗುತ್ತದೆ. ಕೃಷ್ಣೆಯ ಕಾಲುವೆ ಹರಿದ ಕಡೆ ಭತ್ತದ ಗದ್ದೆ, ಕೆಸರು. ಮನೆಯೊಳಗೆ ಹೊಸ್ತಿಲು, ಎತ್ತರದ ಕಟ್ಟೆ, ನೆಲದ ಮೇಲೆ ಕುಳಿತು ಉಣ್ಣುವ ರೂಢಿ. ಇಂತಹ ನೆಲದಲ್ಲಿ ನಡೆಯಲಾರದವನೊಬ್ಬನ ದಿನವನ್ನು ಕಲ್ಪಿಸಿಕೊಂಡು ಪ್ರತಿಯೊಂದು ಸಾಧನವನ್ನೂ ಪರೀಕ್ಷಿಸತಕ್ಕದ್ದು.

ಈ ಬಗೆಯ ಪರೀಕ್ಷೆಯಿಂದಲೇ ಹುಟ್ಟಿದ ಒಂದು ಸಾಧನ ನಮ್ಮ ದೇಶದಲ್ಲಿದೆ. ವಿದೇಶದಿಂದ ಬಂದ ಕೃತಕ ಪಾದವು ಬೂಟಿನೊಳಗೆ ಅಡಗಲೆಂದು ರೂಪಿಸಿದ್ದು. ಅದನ್ನು ಧರಿಸಿ ಕುಕ್ಕರುಗಾಲಿನಲ್ಲಿ ಕೂಡುವುದಾಗಲಿ, ಬರಿಗಾಲಿನಲ್ಲಿ ಕೆಸರಿಗಿಳಿಯುವುದಾಗಲಿ ಆಗದ ಮಾತು. ೧೯೬೮ರ ಸುಮಾರಿಗೆ ಜಯಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿಯೂ ಡಾಕ್ಟರ್ ಪಿ. ಕೆ. ಸೇಥಿಯವರೂ ಕೂಡಿ ರಬ್ಬರಿನ ಪಾದವನ್ನು ಸಿದ್ಧಪಡಿಸಿದರು. ಅದು ಬೂಟನ್ನು ಬೇಡುವುದಿಲ್ಲ, ಹಿಮ್ಮಡಿಯ ಬಳಿ ಬಾಗುತ್ತದೆ, ನೀರಿಗೆ ಕೆಡುವುದಿಲ್ಲ, ಚಕ್ಕಳಮಕ್ಕಳ ಹಾಕಿ ಕೂಡಲು, ಗದ್ದೆಯಲ್ಲಿ ನಡೆಯಲು ಅನುಕೂಲವಾಗಿದೆ. ಶರ್ಮಾ ಅವರು ಹೆಚ್ಚಿನ ಶಾಲಾವಿದ್ಯೆ ಪಡೆದವರಲ್ಲ, ಕೈಕಸುಬಿನ ಬಲ್ಲಿದರು. ಕಸುಬುದಾರನೂ ವೈದ್ಯನೂ ಸಮಾನವಾಗಿ ಕುಳಿತಾಗ ಮಾತ್ರ ನೆಲಕ್ಕೆ ತಕ್ಕ ವಸ್ತು ಹುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ. ಮುದನೂರಿನ ನೇಕಾರನ ಪರಂಪರೆಯನ್ನು ಬಲ್ಲವರಿಗೆ ಇದು ಆಶ್ಚರ್ಯವನ್ನೂ ಉಂಟುಮಾಡದು.

ಇದೇ ಒರೆಗಲ್ಲಿಗೆ ಗಾಲಿಕುರ್ಚಿಯನ್ನು ತಿಕ್ಕಿದರೆ ಬೇರೆ ಬಣ್ಣ ಕಾಣುತ್ತದೆ. ಸಾಮಾನ್ಯ ಗಾಲಿಕುರ್ಚಿಯ ಮುಂದಿನ ಎರಡು ಚಿಕ್ಕ ಗಾಲಿಗಳು ಆಸ್ಪತ್ರೆಯ ನುಣುಪು ನೆಲಕ್ಕೆ ತಕ್ಕವು. ಎರೆಮಣ್ಣಿನಲ್ಲಿ ಅವು ಮೊದಲು ಹೂಳುತ್ತವೆ. ಇಳಿಜಾರಿನ ಲೆಕ್ಕವನ್ನೂ ನೋಡಬಹುದು. ಕುಳಿತವನು ತಾನೇ ತಳ್ಳಿಕೊಂಡು ಏರಬೇಕಾದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕೆಂಬುದು ಅಂಗೀಕೃತವಾದ ಪ್ರಮಾಣ. ೨ ಅಡಿ ಎತ್ತರದ ಕಟ್ಟೆಯ ಮನೆಗೆ ೨೪ ಅಡಿ ಇಳಿಜಾರು ಬೇಕು. ಹಳೆಯ ಓಣಿಗಳಲ್ಲಿ ಅಷ್ಟು ಎಡೆ ಎಲ್ಲಿಯದು? ಆದುದರಿಂದ ಕುರ್ಚಿಯನ್ನು ಕೊಟ್ಟ ಮಾತ್ರಕ್ಕೆ ಚಲನೆಯನ್ನು ಕೊಟ್ಟಂತಾಗುವುದಿಲ್ಲ. ಕಟ್ಟೆ, ಓಣಿ, ಹೊಸ್ತಿಲುಗಳೂ ಸಾಧನದ ಭಾಗಗಳೇ. ದಂಡಿಯ ಹಗ್ಗ ಒಬ್ಬನ ಕೈಯಲ್ಲಿರಲಿಲ್ಲ. ಅದು ಕೆರೆಗೂ ದಡಕ್ಕೂ ಬಿಗಿದಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು.

ಎರಡನೆಯ ಒರೆಗಲ್ಲು ದುರಸ್ತಿ. ಕೈಯಿಂದ ತಿರುಗಿಸಿ ನಡೆಸುವ ಮೂರು ಗಾಲಿಯ ಸೈಕಲ್ಲಿಗೆ ದೋಷಗಳುಂಟು. ಅಗಲ ಹೆಚ್ಚು, ತಿರುವು ಕಷ್ಟ, ಮನೆಯೊಳಗೆ ಬಾರದು. ಆದರೆ ಅದರ ಟಯರು, ಸರಪಳಿ, ಕಡ್ಡಿಗಳು ಸಾಮಾನ್ಯ ಸೈಕಲ್ಲಿನವುಗಳಂತೆಯೇ ಇರುವುದರಿಂದ ಊರಿನ ಸೈಕಲ್ ಅಂಗಡಿಯವನು ಅದನ್ನು ಬಲ್ಲ. ಶ್ರವಣಸಾಧನವಾದರೋ ಕೈಬೆರಳ ತುದಿಯಷ್ಟು ಚಿಕ್ಕದು, ನಯವಾದದ್ದು. ಆದರೆ ಅದರ ಗುಂಡಿಯಂತಹ ಬ್ಯಾಟರಿ ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಎರಡು ಮೂರು ವಾರಗಳಲ್ಲಿ ತೀರುತ್ತದೆ. ಹೊಸದು ಕೈಗೆಟುಕದ ಊರಿನಲ್ಲಿ ಸಾವಿರಾರು ರೂಪಾಯಿಯ ಯಂತ್ರ ಗೂಡಿನಲ್ಲಿ ಕೂಡುತ್ತದೆ. ಒರಟಾದುದು ಉಳಿದು, ನಯವಾದುದು ನಿಲ್ಲುವ ಈ ವಿಪರ್ಯಾಸವನ್ನು ಬೆಲೆಪಟ್ಟಿ ತಿಳಿಸುವುದಿಲ್ಲ.

ಮೂರನೆಯದು ಅಳತೆ. ಭಾರತ ಸರಕಾರದ ಕೃತಕಾಂಗ ತಯಾರಿಕಾ ಸಂಸ್ಥೆ ೧೯೭೨ರಲ್ಲಿ ಕಾನ್ಪುರದಲ್ಲಿ ಸ್ಥಾಪನೆಯಾಯಿತು. ಸಾಧನಗಳನ್ನು ಹಂಚುವ ಕೇಂದ್ರ ಯೋಜನೆ ೧೯೮೧ರಿಂದ ನಡೆದಿದೆ. ೨೦೧೬ರ ಅಧಿನಿಯಮವು ೨೧ ಬಗೆಯ ಸ್ಥಿತಿಗಳನ್ನು ಗುರುತಿಸಿ ಹಕ್ಕುಗಳನ್ನು ವಿಧಿಸಿದೆ. ಇವುಗಳ ಮಹತ್ತ್ವವನ್ನು ಅಲ್ಲಗಳೆಯಲಾಗದು. ಆದರೆ ಶಿಬಿರದಲ್ಲಿ ಒಂದೇ ದಿನ ಸಾಲಾಗಿ ನಿಲ್ಲಿಸಿ ಕೊಡುವ ವಸ್ತುವು ದೇಹಕ್ಕೆ ಒಪ್ಪುವುದೆಂಬ ಭರವಸೆಯಿಲ್ಲ. ಗಾಲಿಕುರ್ಚಿಯನ್ನು ಕೊಡುವ ಮುನ್ನ ಬಳಸುವವರ ದೇಹ, ಮನೆ, ಕೆಲಸಗಳನ್ನು ವಿಚಾರಿಸಿ, ಅಳತೆಗೆ ಹೊಂದಿಸಿ, ಬಳಕೆಯನ್ನು ಕಲಿಸಿ, ಅನಂತರವೂ ವಿಚಾರಿಸುತ್ತಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ೨೦೦೮ರ ತನ್ನ ಮಾರ್ಗಸೂಚಿಯಲ್ಲಿ ತಿಳಿಸಿದೆ. ಸೊಂಟದ ಕೆಳಗೆ ಅರಿವಿಲ್ಲದವನು ತಕ್ಕ ಮೆತ್ತೆಯಿಲ್ಲದೆ ಹಲವು ತಾಸು ಕುಳಿತರೆ ಹುಣ್ಣಾಗುತ್ತದೆ. ಆ ಹುಣ್ಣು ಪ್ರಾಣಾಪಾಯವನ್ನೂ ತರಬಲ್ಲುದು. ಗುಳೆ ಹೋಗಿ ಪಟ್ಟಣಗಳ ಕಟ್ಟಡಗಳಲ್ಲಿ ದುಡಿಯುವ ಜನ ಈ ಮೂರೂ ತಾಲೂಕುಗಳಲ್ಲಿ ಅಧಿಕ. ಎತ್ತರದಿಂದ ಬಿದ್ದು ಬೆನ್ನುಹುರಿ ಮುರಿದವನಿಗೆ ಕುರ್ಚಿಗಿಂತ ಮೆತ್ತೆಯ ಚಿಂತೆ ಮೊದಲನೆಯದು ಎಂಬುದನ್ನು ಬಲ್ಲವರು ಎಷ್ಟು ಮಂದಿ?

೫

ಇಲ್ಲಿಯವರೆಗೆ ನಡೆಯ ಸಾಧನಗಳನ್ನು ನೋಡಿದೆವು. ನುಡಿಯ ಸಾಧನವೊಂದನ್ನೂ ನೋಡದಿದ್ದರೆ ಕನ್ನಡ ವಿದ್ಯಾರ್ಥಿಗಳಿಗೆ ವಿಷಯ ಪೂರ್ಣವಾಗದು. ಅದು ಬ್ರೈಲ್ ಲಿಪಿ. ಭಾರತೀಯ ಭಾಷೆಗಳಿಗೆ ಸಮಾನವಾದ ಭಾರತಿ ಬ್ರೈಲ್ ೧೯೫೧ರಲ್ಲಿ ರೂಪುಗೊಂಡಿತು. ಆರು ಚುಕ್ಕಿಗಳ ಮನೆಯಲ್ಲಿ ೬೩ ಆಕೃತಿಗಳು ಮಾತ್ರ ಸಾಧ್ಯ. ನಮ್ಮ ಮುದ್ರಿತ ಲಿಪಿಯಲ್ಲಿ ಒತ್ತಕ್ಷರ ಕೆಳಗಿಳಿಯುತ್ತದೆ, ಸ್ವರಚಿಹ್ನೆ ವ್ಯಂಜನವನ್ನು ಸುತ್ತುತ್ತದೆ. ಬ್ರೈಲ್‌ನಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿ ಒಂದರ ಪಕ್ಕ ಒಂದಾಗಿ ಬರುತ್ತವೆ. ಬರೆಯುವಾಗ ಹಲಗೆಯ ಮೇಲೆ ಮೊಳೆಯಿಂದ ಬಲದಿಂದ ಎಡಕ್ಕೆ ಚುಚ್ಚುತ್ತಾರೆ; ಹಾಳೆಯನ್ನು ಮಗುಚಿ ಎಡದಿಂದ ಬಲಕ್ಕೆ ಓದುತ್ತಾರೆ. ಬರೆಯುವವನು ಪ್ರತಿಯೊಂದು ಅಕ್ಷರದ ಪ್ರತಿಬಿಂಬವನ್ನೂ ಬಲ್ಲವನಾಗಿರಬೇಕು.

ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪರಂಪರೆಯನ್ನು ಇಲ್ಲಿ ಸ್ಮರಿಸುವುದು ಉಚಿತ. ಪಂಚಾಕ್ಷರಿ ಗವಾಯಿಗಳೂ (೧೮೯೨-೧೯೪೪), ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (೧೯೧೪-೨೦೧೦) ಕಣ್ಣಿಲ್ಲದವರು, ಸಂಗೀತದಲ್ಲಿ ಆಚಾರ್ಯರು. ಪುಟ್ಟರಾಜರು ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥಕರ್ತರೂ ಆದರು. ಇವರನ್ನು ನಾವು ಕೊಂಡಾಡುವಾಗ ದೈವಕೃಪೆಯೆಂದು, ಅಂತರ್ದೃಷ್ಟಿಯೆಂದು ಹೇಳಿ ಮುಗಿಸುತ್ತೇವೆ. ಇದೂ ಪವಾಡದ ಮಾರ್ಗವೇ. ಹಾರ್ಮೋನಿಯಂ, ತಬಲಾ, ಸಾರಂಗಿಗಳ ಮೇಲೆ ದಿನದಿನವೂ ನಡೆದ ಸಾಧನೆ, ನಿತ್ಯವೂ ಊಟ ವಸತಿಗಳನ್ನು ಒದಗಿಸಿದ ಆಶ್ರಮದ ವ್ಯವಸ್ಥೆ ಇವು ಹಿನ್ನೆಲೆಗೆ ಸರಿಯುತ್ತವೆ. ಅಂತರ್ದೃಷ್ಟಿಯನ್ನು ಮತ್ತೊಬ್ಬರಿಗೆ ಹಂಚಲಾಗದು. ಹಲಗೆ ಮೊಳೆಗಳನ್ನು ಹಂಚಬಹುದು, ಅಭ್ಯಾಸವನ್ನು ಕಲಿಸಬಹುದು. ಯಾದಗಿರಿಯ ಹುಡುಗಿಯೊಬ್ಬಳಿಗೆ ಬೇಕಾಗಿರುವುದು ಇವೇ.

೬

ಮಾತಿನ ವಿಚಾರದೊಂದಿಗೆ ಲೇಖನವನ್ನು ಮುಗಿಸಬಹುದು. ‘ಅಂಗವಿಕಲ’ ಎಂಬ ಪದವನ್ನು ಬಿಟ್ಟು ಸರಕಾರವು ‘ವಿಕಲಚೇತನ’ ಎಂಬುದನ್ನು ಸ್ವೀಕರಿಸಿತು. ಉದ್ದೇಶ ಒಳ್ಳೆಯದು, ಆದರೆ ಸಮಾಸವನ್ನು ಬಿಡಿಸಿದರೆ ವಿಕಲವಾದ ಚೇತನವುಳ್ಳವರು ಎಂದಾಗುತ್ತದೆ. ಅಂಗಕ್ಕೆ ಮಾತ್ರ ಹೇಳಿದ್ದ ಕೊರತೆಯನ್ನು ಚೇತನಕ್ಕೇ ಹೇಳಿದಂತಾಯಿತು. ಹಿಂದಿಯಿಂದ ೨೦೧೫ರ ಅನಂತರ ಬಂದ ‘ದಿವ್ಯಾಂಗ’ವು ಮತ್ತೊಂದು ತುದಿಗೆ ಹೋಗಿ ಪವಾಡದ ಭಾಷೆಗೆ ಮರಳಿದೆ. ಹೆಸರು ಬದಲಾಯಿಸುವುದರಲ್ಲಿ ತೋರಿದ ಉತ್ಸಾಹದ ಒಂದಂಶವನ್ನು ವಸ್ತುಗಳಿಗೆ ಹೆಸರಿಡುವುದರಲ್ಲಿ ತೋರಿದ್ದರೆ ಹೆಚ್ಚಿನ ಪ್ರಯೋಜನವಿತ್ತು. ಕಚೇರಿಯ ಕಾಗದದಲ್ಲಿ ಎಲ್ಲವೂ ‘ಸಾಧನ ಸಲಕರಣೆ’. ಊರುವ ಕೋಲಿಗೂ ಅರಿಯುವ ಕೋಲಿಗೂ ಒಂದೇ ಶಬ್ದ. ಬೇರೆ ಹೆಸರಿಲ್ಲದ ವಸ್ತುವನ್ನು ಕೇಳಿ ಪಡೆಯುವುದು ಕಷ್ಟ. ಇದು ಸರಿಯಾಗಿಲ್ಲವೆಂದು ಹಿಂದಿರುಗಿಸುವುದು ಇನ್ನೂ ಕಷ್ಟ. ಧೃತರಾಷ್ಟ್ರನಿಗಿದ್ದ ಆ ಒಲ್ಲೆನೆನ್ನುವ ಅಧಿಕಾರ ಸಾಲಿನಲ್ಲಿ ನಿಂತ ಬಡವನಿಗೂ ಇರಬೇಕಾದರೆ, ಮೊದಲು ಅವನಿಗೆ ಅದನ್ನು ಹೇಳುವ ಮಾತು ಇರಬೇಕು.

ಇದು ಸಾಹಿತ್ಯವಿಭಾಗದ ಕೆಲಸವೇ ಎಂದು ಕೆಲವರು ಆಕ್ಷೇಪಿಸಬಹುದು. ಮನುಷ್ಯನ ನೆರವಿಗಿಂತ ವಸ್ತುವಿನ ನೆರವು ದೊಡ್ಡದೇ ಎಂದೂ ಕೇಳಬಹುದು. ಎರಡನೆಯದಕ್ಕೆ ಉತ್ತರ ಸುಲಭ. ಶ್ರವಣನ ಭಕ್ತಿಗೆ ಕುಂದಿಲ್ಲ. ಆದರೆ ಶ್ರವಣನು ನೀರಿಗೆ ಹೋದ ಆ ಹೊತ್ತಿನಲ್ಲಿ ತಂದೆತಾಯಿಗಳು ಕುಳಿತಲ್ಲೇ ಕುಳಿತಿರಬೇಕಾಯಿತು. ಆ ಹೊತ್ತಿಗಾಗಿಯೇ ಉಪಕರಣ ಬೇಕು. ಮೊದಲನೆಯದಕ್ಕೆ ಉತ್ತರವು ನಮ್ಮ ಕೆಲಸದಿಂದಲೇ ದೊರೆಯಬೇಕು. ಒಕ್ಕಲುತನದ, ನೇಯ್ಗೆಯ, ಕುಂಬಾರಿಕೆಯ ಶಬ್ದಗಳನ್ನು ವೃತ್ತಿಪದಗಳೆಂದು ಸಂಗ್ರಹಿಸಿದ ನಾವು ಈ ಉಪಕರಣಗಳ ಶಬ್ದಗಳನ್ನೂ ಅದೇ ಶ್ರದ್ಧೆಯಿಂದ ಸಂಗ್ರಹಿಸಬಹುದು. ಯಾದಗಿರಿ, ಶಹಾಪುರ, ಸುರಪುರಗಳ ಕಾಲೇಜುಗಳಲ್ಲಿ ಓದುವ ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ಊರುಗಳಲ್ಲಿ ಕೋಲು, ಗಾಲಿ, ಪಟ್ಟಿ, ಮೆತ್ತೆಗಳನ್ನು ಬಳಸುವವರ ಬಳಿ ಕುಳಿತು ಮೂರು ಸಂಗತಿಗಳನ್ನು ಬರೆದುಕೊಳ್ಳಲಿ: ಅದನ್ನು ಅವರು ಏನೆಂದು ಕರೆಯುತ್ತಾರೆ, ಅದು ಎಲ್ಲಿ ಸೋಲುತ್ತದೆ, ಕೆಟ್ಟಾಗ ಯಾರ ಬಳಿಗೆ ಒಯ್ಯುತ್ತಾರೆ. ಮನೆಯಲ್ಲಿಯೇ ಮಾಡಿಕೊಂಡ ಸಾಧನಗಳಿದ್ದರೆ ಅವುಗಳ ಅಳತೆಯನ್ನೂ ಬರೆದಿಡಲಿ. ಅಂತಹ ಶಬ್ದಸಂಗ್ರಹವು ಭಾಷಾಶಾಸ್ತ್ರಕ್ಕೂ ಸಲ್ಲುತ್ತದೆ, ಸಾಧನಗಳನ್ನು ತಯಾರಿಸುವವರಿಗೂ ಸಲ್ಲುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ತನಗೆ ಬೇಕಾದುದು ಯಾವ ಕೋಲು ಎಂಬುದನ್ನು ಬಳಸುವವನು ತನ್ನ ಮಾತಿನಲ್ಲಿಯೇ ಹೇಳಲು ನೆರವಾಗುತ್ತದೆ.